ಆನ್ಸರ್ ಶೀಟ್ ತೆರೆದು ನೋಡಿದ್ರಾ?

1/8

ರಿಸಲ್ಟ್ ಬಂದ ದಿನದಿಂದ ನನ್ನ ಫೀಡ್ ತುಂಬಾ ಎರಡೇ ಥರದ ಪೋಸ್ಟ್. ಒಂದು, ಕೊರಳಿಗೆ ಹಾರ ಹಾಕಿಸಿಕೊಂಡು ಅಮ್ಮನ ಕೈಯಿಂದ ಪೇಡ ತಿಂತಿರೋ ಟಾಪರ್‌ಗಳದ್ದು. ಇನ್ನೊಂದು, ಸೂರ್ಯ ಮುಳುಗೋ ಫೋಟೋ ಮೇಲೆ ದಪ್ಪ ಅಕ್ಷರದಲ್ಲಿ "ಸೋಲೇ ಗೆಲುವಿನ ಮೆಟ್ಟಿಲು". ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ. ಕಷ್ಟಪಟ್ಟು ಓದಿದವರು ಪೇಡ ತಿನ್ನಲಿ, ನಮಗೂ ಕೊಡಲಿ. ತಕರಾರು ಇರೋದು ಎರಡನೆಯದರ ಮೇಲೆ.

ಸೋಲು ತಾನಾಗೇ ಯಾರಿಗೂ ಏನೂ ಕಲಿಸಲ್ಲ. ಕಲಿಸೋ ಹಾಗಿದ್ದಿದ್ರೆ ಒಂದೇ ಸಬ್ಜೆಕ್ಟ್‌ನಲ್ಲಿ ಮೂರು ಸಲ ಡುಮ್ಕಿ ಹೊಡೆದವರು ಆ ಸಬ್ಜೆಕ್ಟ್‌ನಲ್ಲಿ ಪಂಡಿತರಾಗಿರಬೇಕಿತ್ತು. ಹಾಗೆ ಆಗಲ್ಲ ಅಂತ ನಿಮಗೂ ಗೊತ್ತು. ಮೆಟ್ಟಿಲು ಅಂದ್ರೆ ಯಾರೋ ಕೂತು ಕಲ್ಲು ಕಡಿದು ಜೋಡಿಸಿರಬೇಕು. ಕಡಿಯದೇ ಬಿಟ್ಟರೆ ಅದು ಎಡವೋ ಕಲ್ಲಾಗೇ ಉಳಿಯುತ್ತೆ. ನಾಳೆ ಅದೇ ದಾರಿಯಲ್ಲಿ ಹೋದ್ರೆ ಅದೇ ಹೆಬ್ಬೆರಳಿಗೆ ಮತ್ತೆ ಪೆಟ್ಟು.

ಧೈರ್ಯದ ವಿಚಾರನೂ ಹಾಗೇ. ರೀಲ್ಸ್‌ನಲ್ಲಿ ಧೈರ್ಯ ಅಂದ್ರೆ ಹಿಂದೆ ಬಿಜಿಎಂ, ಮುಂದೆ ಸ್ಲೋ ಮೋಷನ್‌ನಲ್ಲಿ ಎದ್ದು ನಡೆಯೋ ಹೀರೋ. ನಿಜವಾದ ಧೈರ್ಯ ನೋಡೋಕೆ ಅಷ್ಟು ಚೆನ್ನಾಗಿರಲ್ಲ. ಅದು ಮೇಜಿನ ಮುಂದೆ ಕೂತು, ತಲೆ ತಗ್ಗಿಸಿ, ತಾನು ಎಲ್ಲಿ ಬಿದ್ದೆ ಅಂತ ಹುಡುಕೋ ಕೆಲಸ. ಅದಕ್ಕೆ ಯಾರೂ ಲೈಕ್ ಒತ್ತಲ್ಲ.

ಇದನ್ನ ಹೇಳೋಕೆ ನನಗೆ ಗೊತ್ತಿರೋ ಒಳ್ಳೆ ಉದಾಹರಣೆ ನಮ್ಮ ಬೆಂಗಳೂರಿನದೇ. ಎಂಟು ಪೋಸ್ಟ್ ಇದೆ, ಉದ್ದ ಆಯ್ತು ಅಂತ ಬೈಬೇಡಿ. ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ.

2/8

2019ರ ಸೆಪ್ಟೆಂಬರ್ 7, ಬೆಳಗಿನ ಜಾವ. ಪೀಣ್ಯದಲ್ಲಿರೋ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯೋಕೆ ಹೊರಟಿತ್ತು. ಕ್ವಿಜ್‌ನಲ್ಲಿ ಗೆದ್ದು ಬೇರೆ ಬೇರೆ ರಾಜ್ಯಗಳಿಂದ ಬಂದಿದ್ದ ಶಾಲಾ ಮಕ್ಕಳೂ ಅಲ್ಲಿದ್ದರು. ಆಗ ಅವರ ವಯಸ್ಸೇ ನಮ್ಮದು, ಅಥವಾ ನಮಗಿಂತ ಒಂದೆರಡು ವರ್ಷ ದೊಡ್ಡವರು. ನೆಲ ಇನ್ನು 2.1 ಕಿಲೋಮೀಟರ್ ಇದೆ ಅನ್ನುವವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ತಪ್ಪಿತು ಅಂತ ಅಧ್ಯಕ್ಷ ಕೆ. ಶಿವನ್ ಹೇಳಿದಾಗ ಆ ಹಾಲ್‌ನಲ್ಲಿದ್ದವರ ಮುಖ ನೆನಪಿಸಿಕೊಳ್ಳಿ. ದೇಶಕ್ಕೆ ದೇಶವೇ ನೋಡ್ತಿರೋವಾಗ ಫೇಲ್ ಆಗೋದು ಅಂದ್ರೆ ಅದು. ನಮ್ಮ ರಿಸಲ್ಟ್ ಅಷ್ಟು ಜನ ನೋಡಲ್ಲ ಬಿಡಿ, ನೋಟಿಸ್ ಬೋರ್ಡ್ ಮತ್ತು ಪಕ್ಕದ ಮನೆ ಆಂಟಿ ಅಷ್ಟೇ.

ಬೆಳಿಗ್ಗೆ ಶಿವನ್ ಅವರು ಪ್ರಧಾನಿ ಹೆಗಲ ಮೇಲೆ ತಲೆಯಿಟ್ಟು ಅತ್ತ ವಿಡಿಯೋ ಎಲ್ಲರೂ ನೋಡಿದ್ದೀವಿ. ಅದನ್ನ ಆಡಿಕೊಂಡವರೂ ಇದ್ದರು. ನನಗೆ ಅದರಲ್ಲಿ ಆಡಿಕೊಳ್ಳೋದು ಏನೂ ಕಾಣಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕಣ್ಣೆದುರೇ ಹೋದ್ರೆ ಅಳು ಬರುತ್ತೆ. ಬರಲಿ. ಅತ್ತವರು ಹೇಡಿ, ಅಳದವರು ಗಂಡುಗಲಿ ಅನ್ನೋ ಲೆಕ್ಕ ಯಾರು ಹೇಳಿಕೊಟ್ಟರೋ.

ಆದ್ರೆ ಆ ವಿಡಿಯೋ ಮುಗಿದ ಮೇಲೆ ಏನಾಯ್ತು ಅನ್ನೋದು ಯಾರ ಸ್ಟೇಟಸ್‌ನಲ್ಲೂ ಬರಲಿಲ್ಲ. ಕ್ಯಾಮೆರಾ ಹೋಯ್ತು, ಎಂಜಿನಿಯರ್‌ಗಳು ಉಳಿದರು. ಏನಾಯ್ತು ಅಂತ ಪತ್ತೆ ಮಾಡೋಕೆ ಒಂದು ಸಮಿತಿ ಆಯ್ತು. ಲ್ಯಾಂಡರ್ ಕೊನೆ ತನಕ ಭೂಮಿಗೆ ಕಳಿಸಿದ್ದ ಒಂದೊಂದು ಅಂಕಿಯನ್ನೂ ತೆರೆದು ನೋಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಎಲ್ಲಿ ತಪ್ಪಿತು ಅನ್ನೋದಕ್ಕಿಂತ ಮುಂಚೆ ಎಲ್ಲಿವರೆಗೆ ಸರಿ ಇತ್ತು ಅಂತ ಹೇಳಿದ್ದಾರೆ. 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರ್‌ವರೆಗೆ ಎಲ್ಲ ಪ್ಲಾನ್ ಪ್ರಕಾರ ನಡೆಯಿತು, ವೇಗ ಸೆಕೆಂಡಿಗೆ 1,683 ಮೀಟರ್‌ನಿಂದ 146 ಮೀಟರ್‌ಗೆ ಇಳಿಯಿತು. ಅದಾದ ಮೇಲಿನ ಹಂತದಲ್ಲಿ ವೇಗ ಇಳಿಯಬೇಕಾದದ್ದಕ್ಕಿಂತ ಜಾಸ್ತಿ ಇಳಿಯಿತು. ಇಳಿಯಬೇಕಿದ್ದ ಜಾಗದಿಂದ 500 ಮೀಟರ್ ಒಳಗೇ ಹೋಗಿ ಬಡಿಯಿತು.

"ಎಲ್ಲಾ ಹೋಯ್ತು" ಅನ್ನೋದಕ್ಕೂ "7.4 ಕಿಲೋಮೀಟರ್‌ವರೆಗೆ ಸರಿ ಇತ್ತು" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದರ ಮುಂದೆ ಮಾಡೋಕೆ ಕೆಲಸವೇ ಇಲ್ಲ. ಎರಡನೆಯದರಲ್ಲಿ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ಬರೆದೇ ಇದೆ.

3/8

ಹಾಗಾದ್ರೆ ತಪ್ಪಿದ್ದೆಲ್ಲಿ? ಮುಂದೆ ಇಸ್ರೋ ಅಧ್ಯಕ್ಷರಾದ ಎಸ್. ಸೋಮನಾಥ್ 2023ರಲ್ಲಿ ಇದನ್ನ ಬಿಡಿಸಿ ಹೇಳಿದರು. ನನಗೆ ಅರ್ಥ ಆದಷ್ಟನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಸೈನ್ಸ್ ಅಲ್ಲದವರೂ ಓದಿ, ಲೆಕ್ಕ ಏನಿಲ್ಲ.

ಲ್ಯಾಂಡರ್‌ನಲ್ಲಿ ಐದು ಎಂಜಿನ್ ಇದ್ದವು. ವೇಗ ಕಮ್ಮಿ ಮಾಡೋಕೆ ಅವು ಕೊಡಬೇಕಿದ್ದ ಒತ್ತಡಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟವು. ಸ್ವಲ್ಪವೇ. ಆದರೆ ಆ ಹೊತ್ತಿಗೆ ಲ್ಯಾಂಡರ್ ಕೆಳಗಿನ ನೆಲದ ಫೋಟೋ ತೆಗೆಯೋಕೆ ಅಲ್ಲಾಡದೇ ಇರಬೇಕಿತ್ತು, ಹಾಗಾಗಿ ಆ ಸಣ್ಣ ತಪ್ಪನ್ನ ತಕ್ಷಣ ತಿದ್ದಿಕೊಳ್ಳಲಿಲ್ಲ. ತಪ್ಪು ತಪ್ಪಿನ ಮೇಲೆ ಕೂತು ಬೆಳೀತು. ಆಮೇಲೆ ತಿದ್ದಿಕೊಳ್ಳೋಕೆ ಹೊರಟಾಗ ಬೇಗ ಬೇಗ ತಿರುಗಬೇಕಾಯ್ತು, ಆದ್ರೆ ಇಷ್ಟಕ್ಕಿಂತ ವೇಗವಾಗಿ ತಿರುಗಬಾರದು ಅಂತ ಸಾಫ್ಟ್‌ವೇರ್‌ನಲ್ಲೇ ಮಿತಿ ಹಾಕಿದ್ದರು. ಇಷ್ಟು ದೊಡ್ಡ ತಪ್ಪು ಬರಬಹುದು ಅಂತ ಯಾರೂ ಎಣಿಸಿರಲಿಲ್ಲ. ಮೂರನೆಯದು, ಇಳಿಯೋಕೆ ಕೊಟ್ಟಿದ್ದ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರ ಬಂದಿದೆ, ಆದ್ರೂ ಆ ಚೌಕದೊಳಗೇ ಹೋಗಿ ಇಳಿಯಬೇಕು ಅಂತ ಅದು ವೇಗ ಹೆಚ್ಚಿಸ್ತಾ ಹೋಯ್ತು.

ಮತ್ತೊಮ್ಮೆ ಓದಿ ನೋಡಿ. ಇದರಲ್ಲಿ ದಡ್ಡತನ ಅನ್ನೋದು ಎಲ್ಲಾದ್ರೂ ಕಾಣುತ್ತಾ? ಸೋಮಾರಿತನ? ಮೂರೂ ಸಣ್ಣ ಸಣ್ಣ ವಿಷಯ. ಒಂದೊಂದೇ ಬಂದಿದ್ರೆ ತಡೆದುಕೊಳ್ತಿತ್ತೋ ಏನೋ, ಮೂರೂ ಒಟ್ಟಿಗೆ ಬಂದವು.

ನಮ್ಮಲ್ಲಿ ಒಬ್ಬ ಫೇಲ್ ಆದ ಅಂದ್ರೆ ಕಾರಣ ಒಂದೇ ಪದದಲ್ಲಿ ಮುಗಿಯುತ್ತೆ. "ಓದಲಿಲ್ಲ". ಇಲ್ಲಾಂದ್ರೆ "ಮೊಬೈಲ್". ಪಿಯುಸಿಯಲ್ಲಿ ಗಣಿತ ಹೋದವರಲ್ಲಿ ಎಷ್ಟೋ ಜನಕ್ಕೆ ಹೋಗಿದ್ದು ಪಿಯುಸಿ ಗಣಿತ ಅಲ್ಲ. ಎಂಟನೇ ಕ್ಲಾಸಿನ ಬೀಜಗಣಿತ ಅಲ್ಲೇ ಅರ್ಧಂಬರ್ಧ ಉಳಿದಿರುತ್ತೆ. ಅದರ ಮೇಲೆ ಹತ್ತನೇ ಕ್ಲಾಸಿನದು ಕೂತಿರುತ್ತೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಅದರ ಮೇಲೆ ಇಂಗ್ಲಿಷ್ ಪಠ್ಯ ಬೇರೆ. ತಿದ್ದಿಕೊಳ್ಳೋಕೆ ಹೊರಟಾಗ ಪರೀಕ್ಷೆಗೆ ಎರಡು ತಿಂಗಳು, ಅಷ್ಟು ಬೇಗ ತಿರುಗೋಕೆ ಯಾರಿಗೆ ಸಾಧ್ಯ? ಇದನ್ನ ನೆಪ ಅಂತ ಹೇಳ್ತಿಲ್ಲ ನಾನು. "ಓದಲಿಲ್ಲ" ಅನ್ನೋ ಉತ್ತರ ಇಟ್ಟುಕೊಂಡು ರಿಪೇರಿ ಮಾಡೋಕೆ ಆಗಲ್ಲ. "ಎಂಟನೇ ಕ್ಲಾಸಿನ ಅಪವರ್ತನ ಬರಲ್ಲ" ಅನ್ನೋ ಉತ್ತರ ಸಿಕ್ಕಿದ್ರೆ ಒಂದು ವಾರದಲ್ಲಿ ರಿಪೇರಿ ಆಗುತ್ತೆ.

4/8

ಚಿಕ್ಕ ಪೋಸ್ಟ್ ಇದು. ಫೋಟೋದಲ್ಲಿರೋದು ನಾಸಾದ ಎಲ್‌ಆರ್‌ಒ ಉಪಗ್ರಹ ತೆಗೆದ ಚಂದ್ರನ ನೆಲ. ಹಸಿರು ಚುಕ್ಕೆಗಳು ವಿಕ್ರಮ್ ಚೂರುಗಳು, ನೀಲಿ ಚುಕ್ಕೆಗಳು ಬಡಿತಕ್ಕೆ ಕದಡಿದ ಮಣ್ಣು. ಇದರಲ್ಲಿ ಮೊದಲ ಚೂರನ್ನ ಗುರುತಿಸಿದ್ದು ನಾಸಾದವರೂ ಅಲ್ಲ, ಇಸ್ರೋದವರೂ ಅಲ್ಲ. ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಅನ್ನೋ ಮೆಕ್ಯಾನಿಕಲ್ ಎಂಜಿನಿಯರ್. ನಾಸಾ ಎಲ್ಲರಿಗೂ ನೋಡೋಕೆ ಬಿಟ್ಟಿದ್ದ ಚಿತ್ರಗಳಲ್ಲಿ ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟುಕೊಂಡು, ಮೊದಲು ಇಲ್ಲದ್ದು ಈಗ ಏನಿದೆ ಅಂತ ಹುಡುಕಿದರು. 2019ರ ಡಿಸೆಂಬರ್‌ನಲ್ಲಿ ನಾಸಾ ಅದನ್ನ ಖಚಿತಪಡಿಸಿ ಅವರ ಹೆಸರನ್ನೂ ಹೇಳಿತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಾವು ಎಲ್ಲಿ ಬಿದ್ದಿದ್ದೀವಿ ಅನ್ನೋದು ಕೆಲವು ಸಲ ಹೊರಗಿನವರ ಕಣ್ಣಿಗೆ ಬೇಗ ಬೀಳುತ್ತೆ. ಅದಕ್ಕೆ ಅವರು ದೊಡ್ಡ ಮನುಷ್ಯರೇ ಆಗಬೇಕಿಲ್ಲ. ಕೂತು ನೋಡೋ ತಾಳ್ಮೆ ಇದ್ರೆ ಸಾಕು.

5/8

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಚಂದ್ರಯಾನ-3ಕ್ಕೆ ಏನೇನು ಬದಲಾಯಿಸಿದರು ಗೊತ್ತಾ?

ಮೋಟಿವೇಶನ್ ವಿಡಿಯೋ ಮಾಡೋರನ್ನ ಕೇಳಿದ್ರೆ ಏನು ಹೇಳ್ತಿದ್ದರು? ಗುರಿ ಮೇಲೆ ಇನ್ನೂ ಹೆಚ್ಚು ಗಮನ ಇಡಿ, ಕಣ್ಣು ಅಲುಗಿಸಬೇಡಿ, ಅರ್ಜುನನಿಗೆ ಹಕ್ಕಿ ಕಣ್ಣು ಕಂಡ ಹಾಗೆ. ಇಸ್ರೋದವರು ಮಾಡಿದ್ದು ತದ್ವಿರುದ್ಧ. ಗುರಿಯನ್ನೇ ದೊಡ್ಡದು ಮಾಡಿದರು! 500 ಮೀಟರ್ ಚೌಕ ಇದ್ದದ್ದು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ ಆಯ್ತು. ಇಷ್ಟರಲ್ಲಿ ಎಲ್ಲಿ ಬೇಕಾದ್ರೂ ಇಳಿ ಮಾರಾಯ, ಆದ್ರೆ ನಿಧಾನಕ್ಕೆ ಇಳಿ ಅಂತ. ದಾರಿ ತಪ್ಪಿದ್ರೆ ಬೇರೆ ಕಡೆ ಹೋಗೋಕೆ ಇಂಧನ ಜಾಸ್ತಿ ತುಂಬಿದರು. ಕಾಲುಗಳನ್ನ ಗಟ್ಟಿ ಮಾಡಿದರು, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿದರೂ ಮುರಿಯದ ಹಾಗೆ. ಯಾವ ಕಡೆ ತಿರುಗಿ ನಿಂತರೂ ಬಿಸಿಲು ಸಿಗಲಿ ಅಂತ ಸೋಲಾರ್ ಪ್ಯಾನೆಲ್ ಹೆಚ್ಚಿಸಿದರು. ವೇಗ ಅಳೆಯೋಕೆ ಲೇಸರ್ ಉಪಕರಣ ಹೊಸದಾಗಿ ಬಂತು. ಐದು ಎಂಜಿನ್‌ನಲ್ಲಿ ನಡುವಿನ ಒಂದನ್ನ ತೆಗೆದೇ ಹಾಕಿದರು. ಸೇರಿಸೋದು ಮಾತ್ರ ರಿಪೇರಿ ಅಲ್ಲ ನೋಡಿ, ತೆಗೆಯೋದೂ ರಿಪೇರಿನೇ. ಬ್ಯಾಕ್ ಉಳಿದ ಕೂಡಲೇ ಇನ್ನೊಂದು ಟ್ಯೂಷನ್, ಇನ್ನೊಂದು ಗೈಡ್, ಇನ್ನೊಂದು ಆ್ಯಪ್ ಅಂತ ಸೇರಿಸ್ತಾ ಹೋಗೋರು ಇದನ್ನ ಸ್ವಲ್ಪ ಯೋಚಿಸಿ.

ಇದಕ್ಕೆ ಸೋಮನಾಥ್ ಕೊಟ್ಟ ಹೆಸರು ವೈಫಲ್ಯ ಆಧಾರಿತ ವಿನ್ಯಾಸ. ಹಿಂದಿನದು ಎಲ್ಲ ಸರಿ ಹೋಗುತ್ತೆ ಅಂತ ಮಾಡಿದ್ದು. ಇದು ಏನೇನು ಕೆಡಬಹುದು ಅಂತ ಮೊದಲು ಯೋಚಿಸಿ, ಕೆಟ್ಟರೂ ಇಳಿಯೋದು ಹೇಗೆ ಅಂತ ಮಾಡಿದ್ದು.

ಇನ್ನೊಂದು ವಿಷಯ. ಚಂದ್ರಯಾನ-2 ಫೇಲ್ ಅಂತ ನಾವೆಲ್ಲ ಅಂದುಕೊಂಡಿದ್ದೀವಲ್ಲ, ಅದರ ಆರ್ಬಿಟರ್ ಚಂದ್ರನ ಸುತ್ತ ಸುತ್ತುತ್ತಾ ಕೆಲಸ ಮಾಡ್ತಾನೇ ಇತ್ತು. ಮುಂದೆ ಎಲ್ಲಿ ಇಳಿಯಬೇಕು ಅಂತ ನೋಡೋಕೆ ಅದು ತೆಗೆದ ಚಿತ್ರಗಳೇ ಬೇಕಾದವು. ಚಂದ್ರಯಾನ-3ರ ಲ್ಯಾಂಡರ್ ಹತ್ತಿರ ಬಂದಾಗ ಎರಡರ ನಡುವೆ ಸಂಪರ್ಕವೂ ಆಯ್ತು. ಆರು ಸಬ್ಜೆಕ್ಟ್‌ನಲ್ಲಿ ಒಂದು ಹೋದವರನ್ನ ಊರೆಲ್ಲ "ಫೇಲ್" ಅಂತ ಕರೆಯುತ್ತೆ. ಉಳಿದ ಐದು ಮೇಲೆ ಸುತ್ತುತ್ತಾ ಇವೆ, ಮರೀಬೇಡಿ.

(ಸಣ್ಣ ಹೆಮ್ಮೆಯ ಮಾತು: ಚಂದ್ರಯಾನ-2ರ ಸೆನ್ಸರ್‌ಗಳನ್ನ ಪರೀಕ್ಷೆ ಮಾಡೋಕೆ ಚಂದ್ರನ ಗುಂಡಿಗಳ ಹಾಗೆ ಗುಂಡಿ ತೋಡಿದ್ದು ನಮ್ಮ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ. "ನಿಮ್ಮೂರಲ್ಲಿ ಏನಿದೆ, ಬರೀ ಬಯಲು" ಅಂತ ರೇಗಿಸೋ ಕ್ಲಾಸ್‌ಮೇಟ್‌ಗಳೇ, ಕೇಳಿಸ್ತಾ?)

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಇಳಿಯಿತು. ಅದಕ್ಕೆ ನಾಲ್ಕು ದಿನ ಮುಂಚೆ ರಷ್ಯಾದ ಲೂನಾ-25 ಅದೇ ಚಂದ್ರನಿಗೆ ಬಡಿದು ಚೂರಾಗಿತ್ತು. ಚಂದ್ರನ ಮೇಲೆ ಎಷ್ಟೋ ಸಲ ಇಳಿಸಿದ್ದ ದೇಶ ಅದು. ಹಿಂದೆ ಪಾಸಾಗಿದ್ದೀವಿ ಅನ್ನೋದು ಮುಂದಿನ ಪರೀಕ್ಷೆಗೆ ಗ್ಯಾರಂಟಿ ಅಲ್ಲ. ಹಿಂದೆ ಫೇಲ್ ಆಗಿದ್ದೀವಿ ಅನ್ನೋದೂ ಅಷ್ಟೇ.

ವಿಕ್ರಮ್ ಯಾಕೆ ಬಿತ್ತು ಅಂತ ಹುಡುಕಿದ ಸಮಿತಿಯ ಮುಖ್ಯಸ್ಥರಾಗಿದ್ದ ವಿ. ನಾರಾಯಣನ್ 2025ರ ಜನವರಿಯಲ್ಲಿ ಇಸ್ರೋ ಅಧ್ಯಕ್ಷರಾದರು.

6/8

ಈಗ ನಿಮ್ಮ ವಿಚಾರಕ್ಕೆ ಬರೋಣ.

ಪಿಯುಸಿ ಬೋರ್ಡ್ ಪರೀಕ್ಷೆ ಬರೆದವರಿಗೆ ಆನ್ಸರ್ ಶೀಟ್‌ನ ಸ್ಕ್ಯಾನ್ ಪ್ರತಿ ಸಿಗುತ್ತೆ. ಅರ್ಜಿ ಹಾಕಬೇಕು, ದುಡ್ಡು ಕಟ್ಟಬೇಕು, ಕೊನೆ ದಿನಾಂಕ ಇರುತ್ತೆ. ಇದನ್ನ ತರಿಸಿಕೊಳ್ಳೋರೂ ಒಂದೇ ಉದ್ದೇಶಕ್ಕೆ ತರಿಸಿಕೊಳ್ಳೋದು, ಎಲ್ಲಾದ್ರೂ ಎರಡು ಮಾರ್ಕ್ ಬಿಟ್ಟಿದ್ದಾರಾ ಅಂತ ನೋಡೋಕೆ. ನೋಡಿ, ಅದೂ ನಿಮ್ಮ ಹಕ್ಕು, ಬಿಟ್ಟಿದ್ರೆ ಕೇಳಲೇಬೇಕು. ಆದ್ರೆ ಮಾರ್ಕ್ ಸಿಗಲಿಲ್ಲ ಅಂತ ಗೊತ್ತಾದ ಕೂಡಲೇ ಆ ಪಿಡಿಎಫ್ ಫೋನಿನ ಯಾವುದೋ ಮೂಲೆಗೆ ಹೋಗಿ ಸಾಯುತ್ತೆ. ನಿಮ್ಮ ಲ್ಯಾಂಡರ್ ಕಳಿಸಿದ ಡೇಟಾ ಪೂರ್ತಿ ಅದರಲ್ಲೇ ಇದೆ, ಅದನ್ನ ನೋಡೋರೇ ಇಲ್ಲ.

ಕಷ್ಟ ಅಂತ ಗೊತ್ತು. ತನ್ನದೇ ಕೈಬರಹದಲ್ಲಿ ತನ್ನದೇ ಸೋಲನ್ನ ಓದೋದಕ್ಕೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಅದಕ್ಕೇ ನಾನು ಇದನ್ನ ಧೈರ್ಯ ಅಂದಿದ್ದು. ಒಬ್ಬರೇ ನೋಡಬೇಡಿ, ಯಾರನ್ನಾದ್ರೂ ಪಕ್ಕ ಕೂರಿಸಿಕೊಳ್ಳಿ. ಮಾರ್ಕ್ ಹೋದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಯಾಕೆ ಹೋಯ್ತು ಅಂತ ಬರೀರಿ. ಗೊತ್ತೇ ಇರಲಿಲ್ವಾ? ಗೊತ್ತಿದ್ದೂ ಬರೆಯೋಕೆ ಬರಲಿಲ್ವಾ? ಪ್ರಶ್ನೆ ಕೇಳಿದ್ದು ಒಂದು, ಬರೆದದ್ದು ಇನ್ನೊಂದಾ? ಟೈಮ್ ಸಾಲಲಿಲ್ವಾ? ಈ ನಾಲ್ಕಕ್ಕೂ ಔಷಧಿ ಬೇರೆ ಬೇರೆ. ಟೈಮ್ ಸಾಲದವರಿಗೆ ಮತ್ತೆ ಸಿಲಬಸ್ ಓದಿಸಿದ್ರೆ ಏನು ಬಂತು? ಅವರಿಗೆ ಬೇಕಿರೋದು ಗಡಿಯಾರ ಇಟ್ಟುಕೊಂಡು ಹಳೇ ಪೇಪರ್ ಬರೆಯೋದು. ಗೊತ್ತೇ ಇಲ್ಲದವರಿಗೆ ಹಳೇ ಪೇಪರ್ ಬರೆಸಿದ್ರೆ ಬರೀ ಕೈನೋವು.

"ಇನ್ನು ಮೇಲೆ ದಿನಕ್ಕೆ ಹದಿನಾರು ಗಂಟೆ ಓದ್ತೀನಿ" ಅಂತ ಶಪಥ ಮಾಡೋರನ್ನ ನಾನು ನಂಬಲ್ಲ. "ಆಪ್ಟಿಕ್ಸ್‌ನಲ್ಲಿ ಡಯಾಗ್ರಾಂ ಹಾಕದೇ ಒಂಬತ್ತು ಮಾರ್ಕ್ ಹೋಗಿದೆ" ಅಂತ ಹೇಳೋರನ್ನ ನಂಬ್ತೀನಿ.

ಗುರಿ ದೊಡ್ಡದು ಮಾಡೋ ವಿಚಾರವೂ ಇಲ್ಲೇ ಬರುತ್ತೆ. ನೀಟ್ ಆದ್ರೆ ಎಂಬಿಬಿಎಸ್, ಇಲ್ಲಾಂದ್ರೆ ಬದುಕೇ ಇಲ್ಲ ಅನ್ನೋದು 500 ಮೀಟರ್ ಚೌಕ. ನರ್ಸಿಂಗ್ ಇದೆ, ಫಾರ್ಮಸಿ ಇದೆ, ಅಗ್ರಿ ಇದೆ, ಬಿಎಸ್ಸಿ ಇದೆ. ಇದನ್ನ ರಾಜಿ ಅನ್ನೋರಿಗೆ ನಾನು 4 ಕಿಲೋಮೀಟರ್‌ನ ಲೆಕ್ಕ ತೋರಿಸ್ತೀನಿ.

7/8

ಇಲ್ಲಿವರೆಗೆ ಓದಿ ಯಾರಾದ್ರೂ "ಇಸ್ರೋಗೆ ದುಡ್ಡಿದೆ, ನಮಗೇನಿದೆ" ಅಂತ ಅಂದುಕೊಂಡಿದ್ರೆ, ಅದು ಸರಿಯಾದ ಪ್ರಶ್ನೆ. ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ ರೂಪಾಯಿ ಕೊಟ್ಟು ಇನ್ನೊಂದು ಸಲ ಹೋಗಿ ಬನ್ನಿ ಅಂತ ಕಳಿಸಿದರು. ಸೋತು ಕಲಿಯೋಕೆ ಎರಡನೇ ಚಾನ್ಸ್ ಬೇಕು. ಅದು ಎಲ್ಲರಿಗೂ ಸಿಗಲ್ಲ. ಇಂಗ್ಲಿಷ್‌ನಲ್ಲಿ ನಾಲ್ಕು ಮಾರ್ಕ್ ಕಮ್ಮಿ ಬಂತು ಅಂತ ಹುಡುಗಿಗೆ ಗಂಡು ನೋಡೋಕೆ ಶುರು ಮಾಡೋ ಮನೆಗಳಿವೆ. "ಸಾಕು ಓದಿದ್ದು, ಗಾರ್ಮೆಂಟ್ಸ್‌ಗೆ ಹೋಗು" ಅನ್ನೋ ಮನೆಗಳಿವೆ, ಹೇಳೋ ಅಪ್ಪನಿಗೂ ಅದರಲ್ಲಿ ಖುಷಿ ಏನಿರಲ್ಲ. ಅಂಥವರಿಗೆ "ಸೋಲಿನಿಂದ ಕಲಿ" ಅಂತ ಉಪದೇಶ ಮಾಡೋದು ಸುಲಭ. ಕಲಿತದ್ದನ್ನ ತೋರಿಸೋಕೆ ಜಾಗ ಕೊಟ್ಟಿದ್ದೀವಾ?

ಅದಕ್ಕೇ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಬಂದಿದ್ದನ್ನ ನಾನು ಬೆಂಬಲಿಸ್ತೀನಿ. ಬರೆದದ್ದರಲ್ಲಿ ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಪಾಸಾದವರೂ ಮಾರ್ಕ್ ಹೆಚ್ಚಿಸಿಕೊಳ್ಳೋಕೆ ಬರೀಬಹುದು. ಇದರಿಂದ ಪರೀಕ್ಷೆಯ ಗೌರವ ಹೋಯ್ತು ಅಂತ ಕೆಲವು ಹಿರಿಯರು ಬೇಜಾರು ಮಾಡಿಕೊಂಡಿದ್ದಾರೆ. ಮೇಷ್ಟ್ರುಗಳಿಗೆ ಕೆಲಸ ಜಾಸ್ತಿ ಆಯ್ತು, ಅದು ನಿಜ. ಗೌರವದ ಮಾತು ನನಗೆ ಒಪ್ಪಿಗೆ ಇಲ್ಲ. ಮೊದಲು "ಸಪ್ಲಿಮೆಂಟರಿ" ಅನ್ನೋ ಹೆಸರೇ ಹಣೆಪಟ್ಟಿ ಆಗಿತ್ತು. ಈಗ ಪರೀಕ್ಷೆ-2 ಅಷ್ಟೇ.

ಕಲಾಂ ಅವರ ಕಥೆ ನಿಮಗೆಲ್ಲ ಗೊತ್ತು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು, ಮಿಷನ್ ಡೈರೆಕ್ಟರ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಕೂತು ಹೊಣೆ ಹೊತ್ತಿದ್ದು ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಅದೇ ಧವನ್ ಕಲಾಂ ಅವರನ್ನ ಮುಂದೆ ಕಳಿಸಿದರು. ಎಲ್ಲರೂ ಇದನ್ನ ಕಲಾಂ ಆಗೋದು ಹೇಗೆ ಅಂತ ಹೇಳೋಕೆ ಬಳಸ್ತಾರೆ. ನನಗೆ ಇದರಲ್ಲಿ ಧವನ್ ಆಗೋದು ಹೇಗೆ ಅನ್ನೋದೇ ಮುಖ್ಯ. (ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ನಿರ್ದೇಶಕರಾಗಿದ್ದರು, ಗೊತ್ತಿರಲಿ.) ಬಿದ್ದವರಿಗೆ ಕೆಲಸ ಮಾಡೋಕೆ ಒಂದು ವರ್ಷ ಬೇಕು, ಆ ವರ್ಷ ಊರಿನ ಬಾಯಿಂದ ಅವರನ್ನ ಕಾಯೋಕೆ ಒಬ್ಬರು ಬೇಕು.

ನಾವು ಕ್ಲಾಸ್‌ಮೇಟ್‌ಗಳು ಆ ಒಬ್ಬರಾಗಬಹುದಲ್ವಾ? ಫೇಲ್ ಆದ ಫ್ರೆಂಡ್‌ಗೆ "ಎಲ್ಲಾ ಒಳ್ಳೇದಕ್ಕೇ ಮಗಾ" ಅಂತ ಮೆಸೇಜ್ ಮಾಡಿ ಕೈತೊಳೆದುಕೊಳ್ಳೋದರ ಬದಲು, ಅವನ ಜೊತೆ ಕಾಲೇಜ್ ಆಫೀಸಿಗೆ ಹೋಗಿ ಅರ್ಜಿ ತುಂಬಿಸಿ ಬನ್ನಿ. ಆ ಆಫೀಸಿನ ಬಾಗಿಲಿಗೆ ಒಬ್ಬನೇ ಹೋಗೋದು ಅವನಿಗೆ ಎಷ್ಟು ಕಷ್ಟ ಅಂತ ಯೋಚಿಸಿ. ನೆಂಟರು ಬಂದಾಗ "ಎಷ್ಟು ಬಂತೇ ನಿಂಗೆ?" ಅನ್ನೋ ಪ್ರಶ್ನೆ ತಂಗಿ ಕಡೆ ತಿರುಗಿದ್ರೆ ಮಾತು ಬದಲಾಯಿಸಿ. ಕಾಫಿ ಬಗ್ಗೆ ಮಾತಾಡಿ, ಮಳೆ ಬಗ್ಗೆ ಮಾತಾಡಿ, ಏನಾದ್ರೂ.

8/8

ಇದು ಸೀರಿಯಸ್ ಆಗಿ. ಡೇಟಾ, ಆನ್ಸರ್ ಶೀಟ್ ಅಂತ ನಾನು ಹೇಳಿದ್ದು ಬೇಜಾರಿದ್ರೂ ಕೂತು ನೋಡೋ ಸ್ಥಿತಿಯಲ್ಲಿ ಇರೋರಿಗೆ. ಕೆಲವರಿಗೆ ಈಗ ಅದು ಆಗಲ್ಲ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಇರೋದೇ ಬೇಡ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಮೊದಲು ಆ ಪಿಡಿಎಫ್ ಮುಚ್ಚಿಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅದಕ್ಕೆ ಮಾರ್ಗದರ್ಶನ ಮಾಡೋದು ನಮ್ಮ ನಿಮ್ಹಾನ್ಸ್. ಫೋನ್ ಮಾಡೋಕೂ ಆಗಲ್ಲ ಅನಿಸಿದ್ರೆ ಪಕ್ಕದ ರೂಮಲ್ಲಿ ಇರೋರನ್ನ ಎಬ್ಬಿಸಿ. ರಾತ್ರಿ ಎರಡು ಗಂಟೆ ಆಗಿದ್ರೂ ಎಬ್ಬಿಸಿ. ನಿಮ್ಮ ಫ್ರೆಂಡ್ ಹೀಗಿದ್ದಾರೆ ಅನಿಸಿದ್ರೆ ಮೆಸೇಜ್ ಹಾಕಿ ಸುಮ್ಮನಾಗಬೇಡಿ, ಮನೆಗೇ ಹೋಗಿ.

ಉಳಿದವರಿಗೆ: ಸ್ಕ್ಯಾನ್ ಪ್ರತಿ ಬಂದಿದ್ರೆ ನನಗೆ ಡಿಎಂ ಮಾಡಿ. ಮಾರ್ಕ್ ಎಷ್ಟು ಅಂತ ನಾನು ಕೇಳಲ್ಲ, ಹೆಸರಿರೋ ಮೊದಲ ಪುಟ ಕಳಿಸಬೇಡಿ. ಫಿಸಿಕ್ಸ್, ಮ್ಯಾಥ್ಸ್ ಆದ್ರೆ ನಾನೇ ಕೂತು ನೋಡ್ತೀನಿ. ಅಕೌಂಟೆನ್ಸಿ ನನಗೆ ಬರಲ್ಲ, ಬಿಕಾಂ ಓದ್ತಿರೋ ಇಬ್ಬರು ಫ್ರೆಂಡ್ಸ್ ಒಪ್ಪಿಕೊಂಡಿದ್ದಾರೆ. ಕೆಮಿಸ್ಟ್ರಿಗೆ ಯಾರೂ ಸಿಕ್ಕಿಲ್ಲ. ಚೆನ್ನಾಗಿ ಬರೋರು, ಮುಖ್ಯವಾಗಿ ತಾಳ್ಮೆ ಇರೋರು, ಕಾಮೆಂಟ್‌ನಲ್ಲಿ ಕೈ ಎತ್ತಿ.